ಕೊಸರು

ಶನಿವಾರ, ಫೆರ್ನೆಯ ಸಂತೆ.
ಮುದುಕ ಪೆರೋಲಾ ಚೀಸಿನ ಗಾಲಿಯನ್ನು ತಂತಿಯಲ್ಲಿ ಕೊಯ್ದು
ಹಿತ್ತಾಳೆ ತಕ್ಕಡಿಗಿಡುತ್ತಾನೆ.
ಮುಳ್ಳು ನಡುವಿಗೆ ಬಂದು ನಿಲ್ಲುವತನಕ
ಉಸಿರು ಬಿಡುವುದಿಲ್ಲ.
ಲೆಕ್ಕವೆಲ್ಲ ಮುಗಿದ ಮೇಲೆ
ಉಗುರಿನಷ್ಟು ಚೂರೊಂದ ಮೇಲೆ ಹಾಕಿ
"ಇದು ಬೆಕ್ಕಿಗೆ" ಅನ್ನುತ್ತಾನೆ.

ಸೆವೆರಿನಳಿಗೆ ಬೆಕ್ಕಿಲ್ಲ.
ಬಸ್ ಸ್ಟಾಪಿನಲ್ಲೇ ಅದ ತಿಂದು, ಮನೆಗೆ ಹೋಗಿ
ಪರದೆ ಎಳೆದು ಮಲಗುತ್ತಾಳೆ. ರಾತ್ರಿ ಪಾಳಿ.

ಅಲ್ಲಿ ಹೀಲಿಯಂ ಬುಸುಗುಡುತ್ತದೆ.
ಅಯಸ್ಕಾಂತದ್ದೇ ತಳ, ಅಯಸ್ಕಾಂತದ್ದೇ ಮುಚ್ಚಳವಿರುವ
ಒಂದು ಪಾತ್ರೆ;
ಲೋಹದ ಗೋಡೆಗೆ ತಾಗಿದರೆ ತೀರಿತು
ಅದರೊಳಗಿನ ಪ್ರತಿಜಲಜನಕ.
ಋಣದ ಸುತ್ತ ಧನ ಸುತ್ತುವ ಅಣುಗಳು,
ಇವತ್ತು ಹದಿನಾಲ್ಕೇ.
ಊಟದ ಒಂದು ಪಂಕ್ತಿಗೂ ಸಾಲವು.

ನೇರಳೆಯಾಚೆಯ ಬೆಳಕಿನ ಎಳೆ ಬಿಟ್ಟು
ಕೇಳುತ್ತಾಳೆ: ಯಾವ ಶ್ರುತಿಗೆ ಏಳುತ್ತೀರಿ ನೀವು?
ನಮ್ಮ ನಲ್ಲಿನೀರಿನ ಜಲಜನಕ ಏಳುವ ಶ್ರುತಿಗೇ.
ಹನ್ನೆರಡನೆಯ ಅಂಕಿಯವರೆಗೂ
ಅದೇ, ಅದೇ, ಅದೇ.

ಹೋದ ತಿಂಗಳು ಮುಚ್ಚಳ, ತಳ
ಎರಡನ್ನೂ ಒಟ್ಟಿಗೆ ಸಡಿಲಿಸಿ ನೋಡಿದ್ದರು.
ಬಿದ್ದವು. ಎಲ್ಲರ ಹಾಗೆ ಕೆಳಕ್ಕೆ.
(ಒಂದೆರಡು ಮೇಲಕ್ಕೂ ಹೋದವು, ಬಿಸಿಯ ಮದಕ್ಕೆ;
ಲೆಕ್ಕಕ್ಕಿಲ್ಲ.)
ಹೊಸ ಹುಡುಗ ಕುರ್ದಿನ್ ಕೀಬೋರ್ಡಿನ ಮೇಲೇ ಹಣೆಯಿಟ್ಟ,
ಪರದೆಯ ತುಂಬ ಜ ಜ ಜ ಜ.

ಆದಿಯಲ್ಲಿ ತಟ್ಟೆಗಳೆರಡೂ ಸಮವಿದ್ದು
ಒಂದನ್ನೊಂದು ತಿಂದು ತೇಗಿ
ಬರೀ ಬೆಳಕು ಉಳಿಯಬೇಕಿತ್ತಲ್ಲ!
ನೂರು ಕೋಟಿಗೊಂದು ಚೂರು
ಈ ಕಡೆಗೆ ಜಾಸ್ತಿ ಬಿದ್ದಿದೆ.
ಆ ಕೊಸರೇ ಜೂರಾ ಬೆಟ್ಟ, ಅದರ ಮೇಲಿನ ಹಿಮ,
ಪೆರೋಲಾನ ಮಂಡಿನೋವು, ಇವಳ ಥರ್ಮಾಸಿನ ತಳದ ಕಾಫಿ ಗಸಿ.
ತಕ್ಕಡಿಯ ಯಾವ ಸಂದಿನಿಂದ ಜಾರಿತು ಅದು?

ನಾಲ್ಕು ಹತ್ತಕ್ಕೆ ಕಾಂತ ಇಳಿಸುತ್ತಾಳೆ.
ಸಿಲಿಕಾನಿನ ಮೇಲೆ ಕಿಡಿ, ಕಿಡಿ,
ಹನ್ನೊಂದು. ಉಳಿದ ಮೂರು ಯಾವಾಗ ಹೋದವೋ.
ಪುಸ್ತಕದಲ್ಲಿ ಬರೆಯುತ್ತಾಳೆ: ವ್ಯತ್ಯಾಸ ಕಾಣಲಿಲ್ಲ.

ಮತ್ತೆ ಶನಿವಾರ.
"ಮುಸ್ಯೊ, ತಟ್ಟೆ ಅದಲುಬದಲು ಮಾಡಿ ತೂಗು.
ಬಟ್ಟು ಈಚೆ, ಚೀಸು ಆಚೆ."
ಹುಬ್ಬೇರಿಸಿದ. ನಲವತ್ತು ವರ್ಷದಲ್ಲಿ
ಯಾರೂ ಅನುಮಾನಿಸಿರಲಿಲ್ಲ ಅವನ ತಕ್ಕಡಿಯನ್ನು.
ಹಿಂದಿನವರು ಗೊಣಗಿದರು. ನಾಯಿಯೊಂದು ಕೂತಿತು.
ಮುಳ್ಳು ಅತ್ತ ತೂಗಿ, ಇತ್ತ ತೂಗಿ
ನಡುವಿಗೇ ಬಂತು.

ಅವಳೇ ಸಪ್ಪಗಾದದ್ದು ಕಂಡು
ಚೂರೊಂದ ಕೊಯ್ದ, ಎಂದಿನದಕ್ಕಿಂತ ತುಸು ದಪ್ಪ.
"ಬೆಕ್ಕು ಹೇಗಿದೆ?"

"ಇದೆ," ಅಂದಳು.
"ಹಸಿದಿದೆ ಇನ್ನೂ."