ಹನ್ನೆರಡು ಒಂಬತ್ತು

ಗಾಜನ್ನೂ ತಿಂದುಬಿಡುವ ನೀರು ಅದು.
ಹಾಗಾಗಿ ಬರುತ್ತಿದ್ದದ್ದು ನೀಲಿ ಪ್ಲಾಸ್ಟಿಕ್ ಪೀಪಾಯಿಯಲ್ಲಿ,
ಶಿಮೊನೊಸೆಕಿಯಲ್ಲಿ ರಾತ್ರಿಯ ಹಡಗು ಹತ್ತಿ,
ಬೆಳಗ್ಗೆ ಬುಸಾನ್, ಊಟದ ಹೊತ್ತಿಗೆ
ಗುಮಿಯ ನಮ್ಮ ಕಾರ್ಖಾನೆಯ ಹಿಂಬಾಗಿಲು.

ಇಳಿಸಿಕೊಳ್ಳುವವಳು ನಾನು, ಪ್ಯೊ ಗುಮ್‌ಸನ್.
ಮೊಣಕೈವರೆಗೆ ಗವಸು, ಜೇಬಿನಲ್ಲಿ ಮುಲಾಮು.
ತೊಟ್ಟು ಬಿದ್ದರೆ ಚರ್ಮ ಸುಮ್ಮನಿರುತ್ತದೆ,
ಮೂಳೆಗೆ ಗೊತ್ತಾಗುತ್ತದೆ.

ಪ್ರತಿ ಪೀಪಾಯಿಯ ಕೊರಳಿಗೊಂದು ಚೀಟಿ:
ತೊಂಬತ್ತೊಂಬತ್ತು, ಚುಕ್ಕಿ, ಆಮೇಲೆ ಹತ್ತು ಒಂಬತ್ತು.
ಕೆಳಗೆ ಕಾಸಿನಗಲದ ಕೆಂಪು ಮೊಹರು: ಉರಾಬೆ.
ಗಂಡೋ ಹೆಣ್ಣೋ, ನೋಡಿದವಳಲ್ಲ. ಹದಿನಾಲ್ಕು ವರ್ಷ
ಸೋಮವಾರಗಳಂದು ಆ ಮೊಹರು ಎಡಕ್ಕೆ ವಾಲುವುದನ್ನು ಬಲ್ಲೆ.
ಒಮ್ಮೆ ಶಾಯಿ ಒಣಗುವ ಮೊದಲೇ ಕೈತಾಗಿ
ಅರ್ಧ ಹೆಬ್ಬೆಟ್ಟು ಉಳಿದಿತ್ತು. ನನ್ನದಕ್ಕಿಂತ ಚಿಕ್ಕದು.

ಒಂಬತ್ತಕ್ಕೆ ನಾವು ಗು ಅನ್ನುತ್ತೇವೆ, ಅವರು ಕ್ಯೂ.
ಒಂದೇ ತೊಟ್ಟಿಲಲ್ಲಿ ಮಲಗಿಸಬಹುದಾದ ಎರಡು ಸದ್ದು.
ಅಜ್ಜಿಗೆ ಎರಡೂ ಗೊತ್ತಿದ್ದವು; ಎರಡನೆಯದನ್ನು
ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರು.
ಸಾಯುವ ವಾರ ನಿದ್ದೆಯಲ್ಲಿ ಎಣಿಸುತ್ತಿದ್ದಳು, ಅವರ ಭಾಷೆಯಲ್ಲೇ,
ಒಂಬತ್ತಕ್ಕೆ ಬಂದು ನಿಲ್ಲುತ್ತಿದ್ದಳು.
ಅದಕ್ಕೆ ಅವರಲ್ಲಿ ಕು ಎಂಬ ಇನ್ನೊಂದು ಹೆಸರಿದೆ,
ನೋವಿಗೂ ಅದೇ ಸದ್ದು. ನನಗೆ ಆಮೇಲೆ ತಿಳಿಯಿತು.

ಅಂಥ ಹಳೆಯ ಲೆಕ್ಕವೊಂದು ನ್ಯಾಯಾಲಯದಲ್ಲಿ ಎದ್ದು
ಮಂತ್ರಿಗಳ ಮೇಜಿನಿಂದ ಮೇಜಿಗೆ ದಾಟಿ
ಒಂದು ಜುಲೈಯಲ್ಲಿ
ನನ್ನ ಹಿಂಬಾಗಿಲಿಗೆ ಬಂದು ನಿಂತಿತು. ಅಂದರೆ
ಏನೂ ಬರಲಿಲ್ಲ.
ಇನ್ನು ಪ್ರತಿ ಪೀಪಾಯಿಗೂ ಪರವಾನಗಿ, ತೊಂಬತ್ತು ದಿನ.
ಲಾರಿ ನಿಲ್ಲುವ ಜಾಗದಲ್ಲಿ ಬೆಕ್ಕು ಮಲಗತೊಡಗಿತು.

ಭಾವ ಪೇಟೆಯಲ್ಲಿ ಅವರ ಬಿಯರನ್ನು ಚರಂಡಿಗೆ ಸುರಿದು ಬಂದ.
ಮಗಳು ಪೆನ್ನು ತಿರುಗಿಸಿ ಅದರ ಊರು ಓದಿದಳು.
ನಾನು ಗೋದಾಮಿನಲ್ಲಿ ಎಣಿಸಿದೆ: ನಲವತ್ತೊಂದು ಉಳಿದಿದ್ದವು.

ನಮ್ಮಲ್ಲಿ ಎರಡು ಶೆಡ್ಡು. ಒಂದರಲ್ಲಿ ಚಿಪ್,
ಇನ್ನೊಂದರಲ್ಲಿ ಬಿಸಿಲು ಹಿಡಿಯುವ ಬಿಲ್ಲೆ.
ಬಿಸಿಲಿನ ಬಿಲ್ಲೆಗೆ ಅಷ್ಟೊಂದು ಮಡಿ ಬೇಡ,
ಆರು ಒಂಬತ್ತಾದರೂ ನಡೆಯುತ್ತದೆ. ಆದರೇನು,
ಹಾಲು ಸಾಲದ ಮನೆಯಲ್ಲಿ ಯಾರ ಲೋಟ
ಮೊದಲು ಖಾಲಿಯಾಗುತ್ತದೆಂದು ಎಲ್ಲರಿಗೂ ಗೊತ್ತು.
ದುಡಿದು ತರುವ ಚಿಪ್‌ಗೆ ಉಳಿಸಿ
ಬಿಸಿಲಿನ ಶೆಡ್ಡಿನ ದೀಪ ಆರಿಸಿದರು.
ಯೊಂಗ್‌ಯಾಂಗಿನ ಬೆಟ್ಟದ ಶಾಲೆಯೊಂದು
ಛಾವಣಿಗೆ ಕಂಬಿ ಕೂರಿಸಿಕೊಂಡು ಕಾಯುತ್ತಿತ್ತು;
ಹೆಡ್‌ಮಾಸ್ತರರು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು,
ಪಾಪ, ತುಂಬ ಮರ್ಯಾದೆಯಿಂದ.

ಗೊಂಗ್ಜುವಿನಲ್ಲಿ ನಮ್ಮವರೇ ಬಟ್ಟಿ ಇಳಿಸಿದರು.
ಮೊದಲ ಪೀಪಾಯಿಯಲ್ಲಿ ಏಳು ಒಂಬತ್ತು ಕಳೆದು ಎಂಟು ಇಣುಕಿತು.
ಮೂರು ಸಾವಿರ ಬಿಲ್ಲೆ ಕಸಕ್ಕೆ.
ಒಂದು ಚಳಿಗಾಲ, ಮತ್ತೊಂದು.
ಹತ್ತು. ಹನ್ನೊಂದು. ಒಂದು ರಾತ್ರಿಪಾಳಿಯಲ್ಲಿ ಹನ್ನೆರಡು!
ಮಾಲೀಕರು ಅಕ್ಕಿಕಡುಬು ಹಂಚಿದರು. ನಾನೂ ಎರಡು ತಿಂದೆ.
ಹೆಮ್ಮೆಯಿತ್ತು, ಸುಳ್ಳು ಹೇಳಲಾರೆ.
ಹೊಸ ಚೀಟಿಯಲ್ಲಿ ಮೊಹರಿಲ್ಲ, ಬಾರ್‌ಕೋಡ್.
ಅದು ಸೋಮವಾರ ವಾಲುವುದಿಲ್ಲ.

ಶಾಲೆಗೆ ಅಷ್ಟರಲ್ಲಿ ಫಲಕ ಬಂದಿತ್ತು
ಇನ್ನೊಬ್ಬ ನೆರೆಯವನಿಂದ, ಹಳದಿ ಸಮುದ್ರದಾಚೆಯಿಂದ, ಅರ್ಧ ಬೆಲೆಗೆ.
ಮಾಸ್ತರರು ಫೋಟೋ ಕಳಿಸಿದರು:
ಮಕ್ಕಳು, ಛಾವಣಿ, ಚೆನ್ನಾದ ಬಿಸಿಲು.
ನಮ್ಮ ಬಿಸಿಲಿನ ಶೆಡ್ಡಿನಲ್ಲಿ ಈಗ ರಟ್ಟಿನ ಪೆಟ್ಟಿಗೆ ಪೇರಿಸಿದ್ದಾರೆ.

ಈಚೆಗೆ ದೊಡ್ಡವರು ಕೈ ಕುಲುಕಿದರಂತೆ.
ನಿನ್ನೆ ನೀಲಿ ಪೀಪಾಯಿ ಬಂತು, ಒಂದೇ ಒಂದು, ನಮೂನೆಗೆಂದು.
ಆಗ ನಾವು ಕೇಳುತ್ತಿದ್ದೆವು, ಈಗ ಅವರು.
ಬಗ್ಗಿ ನೋಡಿದೆ. ಹನ್ನೆರಡೂ ಒಂಬತ್ತು ಸರಿಯಾಗಿಯೇ ಇದ್ದವು.
ಮೊಹರು ಬೇರೆ ಯಾರದೋ. ನೆಟ್ಟಗೆ, ಚೂಪು ಅಂಚು.

ಚೀಟಿಯ ಹಿಂದೆ ಪಡೆದವರ ಸಹಿಗೆ ಜಾಗವಿದೆ;
ಅದು ಹಡಗು ಹತ್ತಿ ವಾಪಸು ಹೋಗುತ್ತದೆ.
ಹೆಸರು ಬರೆದೆ. ಸುಮ್ಮನೆ ನಿಂತೆ.
ಆಮೇಲೆ ಗವಸು ಕಳಚಿ,
ಶಾಯಿ ಒಣಗುವ ಮೊದಲು,
ಹೆಬ್ಬೆರಳು ಒತ್ತಿದೆ.