ಬಲಗಿವಿ

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದೆ,
ಆಕ್ರನ್ ಊರಿನ ಬಡಗಣ ದಿಬ್ಬ ಹತ್ತಿ, ಇಳಿದು.
ಇಂಜಿನ್ನು ಬಲಮಗ್ಗುಲಿಗೆ, ಬೆನ್ನ ಹಿಂದೆ ಅರವತ್ತು ಬಾಯಿ.
ನಿವೃತ್ತಿಯ ದಿನ ಕೈಗೊಂದು ಗಡಿಯಾರ ಕೊಟ್ಟರು,
ಬಲಗಿವಿಯನ್ನು ತಾವೇ ಇಟ್ಟುಕೊಂಡರು.

ಈಗ ಅಡುಗೆಮನೆಯ ಕಿಟಕಿಯೇ ನನ್ನ ಮುಂಗಾಜು.
ಹಿತ್ತಿಲ ಕಂಬಕ್ಕೆ ಸೂರ್ಯಕಾಂತಿ ಬೀಜದ ಡಬ್ಬಿ,
ಅಳಿಲು ಹತ್ತದಿರಲೆಂದು ತೊಡಿಸಿದ
ಹಳೇ ಒಲೆಯ ಹೊಗೆಕೊಳವೆ.
ಮೂರು ದಿನ ಕೆಳಗೆ ಕೂತು ಲೆಕ್ಕ ಹಾಕಿದ ಅಳಿಲು
ನಾಲ್ಕನೆಯ ದಿನ ಗ್ಯಾರೇಜಿನ ಸೂರಿನಿಂದ ಹಾರಿತು.
ಬೈಯಲು ಬಾಯಿ ಬರಲಿಲ್ಲ.
ಅಷ್ಟು ಓದಿದ್ದಕ್ಕೆ ಇಷ್ಟು ಕಾಳು ಸಂಬಳ.

ಚಿಕಡೀ ಬಂದು ಒಂದೇ ಬೀಜ ಕಚ್ಚಿ ಓಡುತ್ತದೆ,
ತಡವಾಗಿ ಎದ್ದ ಮಗು ರೊಟ್ಟಿಚೂರು ಹಿಡಿದು
ಬಸ್ಸಿಗೆ ಓಡಿಬಂದ ಹಾಗೇ, ಆದರೆ ಹಿಂದುಮುಂದಾಗಿ.
ಗಂಡು ಕಾರ್ಡಿನಲ್ ಸಿಗ್ನಲ್ಲಿನ ದೀಪದಷ್ಟು ಕೆಂಪು;
ಅದು ಬೇಲಿಯ ಮೇಲೆ ಕೂತರೆ ಇವತ್ತಿಗೂ
ನನ್ನ ಕಾಲು ಬ್ರೇಕು ಹುಡುಕುತ್ತದೆ.
ಮಿಕ್ಕವು ಗುಬ್ಬಿ. ಹಿಂಡು ಹಿಂಡು.

ಪಕ್ಕದ ಮನೆಯ ಮೆಟ್ಟಿಲಲ್ಲಿ ಧನಪತಿ ಅಜ್ಜ, ಉಣ್ಣೆಟೋಪಿ.
ಭೂತಾನಿನಿಂದ ಅಟ್ಟಿಸಿಕೊಂಡು, ನೇಪಾಳದ ಬಿದಿರಿನ ಶಿಬಿರದಲ್ಲಿ
ಹದಿನೆಂಟು ವರ್ಷ ಕಳೆದು ಬಂದವನು.
ಗುಬ್ಬಿ ಕಂಡದ್ದೇ "ಭಂಗೇರಾ!" ಅಂದ,
ಸಂತೆಯಲ್ಲಿ ತನ್ನೂರಿನವನು ಸಿಕ್ಕ ಹಾಗೆ.
ಅವು ಹೊರಗಿನವು, ಇಲ್ಲಿಯವುಗಳ ಗೂಡು ಕದಿಯುತ್ತವೆ
ಎನ್ನಲು ತೆರೆದ ಬಾಯಿಗೆ
ಕಾಫಿ ಸುರಿದುಕೊಂಡೆ.

ಅವನ ಮೊಮ್ಮಗಳು ಜೂನು. ಹನ್ನೊಂದು ತುಂಬಿದೆ.
ಶನಿವಾರ ಅವಳೂ ನಾನೂ ಹಳೇ ಕಾಲುವೆಯ ದಂಡೆಗೆ ಹೋಗುತ್ತೇವೆ,
ಹೇಸರಗತ್ತೆಗಳು ದೋಣಿ ಎಳೆದು ಸವೆಸಿದ ದಾರಿ.
ದುರ್ಬೀನು ಒಂದೇ, ಸರದಿಯ ಪ್ರಕಾರ.
ಏಪ್ರಿಲ್ಲಿನ ಒಂದು ಬೆಳಿಗ್ಗೆ, ಎಲೆ ಬರದ ಕಾಡುಸೇಬಿನ ಹತ್ತಿರ
ಅವಳು ಉಸಿರು ಹಿಡಿದಳು: "ವ್ಯಾಕ್ಸ್‌ವಿಂಗ್. ಕೇಳಿಸ್ತಾ, ಲೋರ್ನಾ?"
ರೆಕ್ಕೆಯಂಚಿಗೆ ಅರಗಿನ ಮುದ್ರೆ ಒತ್ತಿಸಿಕೊಂಡ ಹಕ್ಕಿ,
ದನಿ ಸೂಜಿಗಿಂತ ಸಣ್ಣ.
ಹೂಂ, ಎಂದೆ, ಎಷ್ಟು ಚೆನ್ನಾಗಿದೆ.
"ನೀವು ಬೇರೆ ಮರ ನೋಡ್ತಿದ್ದೀರಿ," ಅಂದಳು.

ಮುಂದೆ ಅರ್ಧ ಮೈಲಿ ಯಾರೂ ಮಾತಾಡಲಿಲ್ಲ.
ಬೆಳವದ ಗುಟುರು ಕೇಳಿತು, ಕಾಗೆ ಕೇಳಿತು,
ಕಾಲಡಿಯ ಜಲ್ಲಿ ಕೇಳಿತು.
ಮೇಲಿನ ಸ್ವರಗಳೆಲ್ಲ ಯಾವ ವರ್ಷ, ಯಾವ ನಿಲ್ದಾಣದಲ್ಲಿ
ಇಳಿದುಹೋದವೋ, ಕನ್ನಡಿಯಲ್ಲಿ ಕಾಣಲೇ ಇಲ್ಲ;
ಕೊನೆಯ ಸೀಟಿನ ತನಕ ನಡೆದು ನೋಡದೆ
ಬಸ್ಸಿಗೆ ಬೀಗ ಹಾಕಿದವಳಲ್ಲ ನಾನು.
ಜನವರಿಯಲ್ಲಿ ಗಿಡುಗ ಎರಗಿ ಹಿಮದ ಮೇಲೆ
ಹಿಡಿಯಷ್ಟು ಪುಕ್ಕ ಬಿಟ್ಟುಹೋದಾಗ
'ಎರಡು ದಿನ ಹಿತ್ತಿಲು ಮೌನ' ಎಂದು ಬರೆದಿದ್ದೆ.
ಇತ್ತೋ, ಇಲ್ಲವೋ. ಈಗ ಅನುಮಾನ.

ಸೇತುವೆ ದಾಟುವಾಗ ಅವಳು ನನ್ನ ಬಲಕ್ಕೆ ಬಂದು
ಮಣಿಕಟ್ಟು ಹಿಡಿದಳು.
ಒಂದು ತಟ್ಟಿದರೆ ವ್ಯಾಕ್ಸ್‌ವಿಂಗ್. ಎರಡು, ಕಿಂಗ್ಲೆಟ್.
ತೋಳು ಜಗ್ಗಿದರೆ ಸೈಕಲ್ಲು, ಪಕ್ಕಕ್ಕೆ ಸರಿಯಬೇಕು.

ಮಕ್ಕಳ ಹಾಜರಿ ಬರೆಯುತ್ತಿದ್ದ ಅದೇ ನೋಟುಬುಕ್ಕಿನಲ್ಲಿ
ಗೆರೆ ಎಳೆದು ಹೊಸ ಕಾಲಂ ಮಾಡಿದ್ದೇನೆ: ಜೂನು ಕೇಳಿದ್ದು.
ನಾನು ಕಂಡದ್ದಕ್ಕಿಂತ ಅದೇ ಉದ್ದ.
ಅಜ್ಜ ಅದರ ಮೇಲೆ ಬೆರಳಾಡಿಸಿ, ಭಂಗೇರಾ ಎಲ್ಲಿ, ಎಂದ.
ಬರೆದೆ.

ನಿನ್ನೆ ಸಂಜೆ, ಜೌಗಿನ ತಿರುವಿನಲ್ಲಿ, ಹನಿ ಬೀಳುವ ಮುಂಚೆ,
ಮಣಿಕಟ್ಟಿನ ಮೇಲೆ ಮೂರು ಸಲ.
ಮೂರಕ್ಕೆ ನಾವಿನ್ನೂ ಹೆಸರಿಟ್ಟಿರಲಿಲ್ಲ.
ನಿಂತೆ.