ನಡತೆ ಪತ್ರ

ನಮೂನೆಯನ್ನು ಅವರೇ ಕಳಿಸಿದ್ದಾರೆ.
ಹೆಸರು, ಊರು, ಆಡುವ ಸ್ಥಾನ ತುಂಬಿಯಾಗಿದೆ.
‘ನಾನು ಬಲ್ಲಂತೆ ಇವರ ನಡತೆ’ ಎಂಬಲ್ಲಿಂದ ಮುಂದೆ
ಒಂದೂವರೆ ಗೆರೆ ಖಾಲಿ.
ಕೆಳಗೆ ನನ್ನ ರುಜು, ಶಾಲೆಯ ಮೊಹರು.

ತಿಮ್ಮೇಶ. ರೈಡರ್. ಎಡಗಾಲು ಮುಂದು.
ಪಾಂಡವಪುರದ ಹೈಸ್ಕೂಲು ಮೈದಾನದಲ್ಲಿ
ಉಸಿರು ಹಿಡಿಯುವುದನ್ನು ಅವನಿಗೆ ಕಲಿಸಿದವಳು ನಾನು.
ಎದೆಯ ಮೇಲೆ ಅಂಗೈ ಇಟ್ಟು ಎಣಿಸುತ್ತಿದ್ದೆ,
ಇಪ್ಪತ್ತೆಂಟು, ಇಪ್ಪತ್ತೊಂಬತ್ತು,
ಬಿಡಬೇಡ, ಇನ್ನೊಂದು, ಇನ್ನೊಂದೇ ಒಂದು.
ಹದಿಮೂರರ ಹುಡುಗನ ಎದೆ ಕೈ ಕೆಳಗೆ
ಕೊಪ್ಪರಿಗೆಯ ಪಾಕದ ಹಾಗೆ ಉಕ್ಕಿ ಇಳಿಯುತ್ತಿತ್ತು.

ಅಚ್ಚು, ಆಲೆಮನೆಯ ನಾಯಿ.
ಬೆಲ್ಲದ ಅಚ್ಚಿನ ಮಣೆ ಕೆಳಗೆ ಹುಟ್ಟಿದ್ದಕ್ಕೆ ಆ ಹೆಸರು.
ಬಣ್ಣವೂ ಮದ್ದು ಹಾಕದ ಬೆಲ್ಲದ್ದೇ.
ಸಂಜೆ ಅಭ್ಯಾಸದ ಹೊತ್ತಿಗೆ ಬಂದು
ಸರಿಯಾಗಿ ನಡುಗೆರೆಯ ಮೇಲೆ ಮಲಗುತ್ತಿತ್ತು.
ಯಾವ ಕಡೆಗೂ ಸೇರದ ಅಂಪೈರು ಎಂದು
ಹುಡುಗರು ಅದನ್ನು ದಾಟಿಕೊಂಡೇ ಆಡುತ್ತಿದ್ದರು.

ದೊಡ್ಡ ಲೀಗಿನಲ್ಲಿ, ಕೊನೆಯ ರೈಡಿನಲ್ಲಿ,
ಸೋತು ಊರಿಗೆ ಬಂದ ರಾತ್ರಿ. ಅಷ್ಟೇ ಕಾರಣ.
ನಾಲೆ ಏರಿ. ಬೈಕು. ಹಿಂದೆ ಹಗ್ಗ.
ಮುಂದಿನದನ್ನು ಬರೆಯುವುದಿಲ್ಲ;
ಕಟಕಟೆಯ ಮರ ಹಿಡಿದು ಒಮ್ಮೆ ಹೇಳಿದ್ದೇನೆ, ಸಾಕು.
ಹಗ್ಗ ಕಟ್ಟುವಾಗ ಅದು ಬಾಲ ಆಡಿಸಿರಬೇಕು
ಎಂಬುದನ್ನು ಮಾತ್ರ ಅಲ್ಲಿ ಯಾರೂ ಕೇಳಲಿಲ್ಲ.

ವಕೀಲರು ಕೇಳಿದ್ದು ಬೇರೆ:
ಬೀದಿನಾಯಿ, ಹತ್ತು ರೂಪಾಯಿ ಬೆಲೆ ಬಾಳುತ್ತದೆಯೇ?
ಕಾನೂನಿನಲ್ಲಿ ಹಾಗೊಂದು ಲೆಕ್ಕ ಇತ್ತಂತೆ.
ನನಗೆ ಹೊಳೆದದ್ದು ಬಿಸ್ಕತ್ತಿನ ಪೊಟ್ಟಣ,
ತಿಮ್ಮೇಶನೇ ದಿನಾ ಒಡೆದು ಅದಕ್ಕೆ ಹಾಕುತ್ತಿದ್ದದ್ದು,
ಹತ್ತು ರೂಪಾಯಿಯದು.
ಬಾಳುತ್ತದೆ, ಅಂದೆ.

ಆರು ತಿಂಗಳು ಒಳಗಿದ್ದು ಬಂದ.
ಈಗ ಊರೇ ಎರಡು ಅಂಕಣ.
‘ಬುಡಿ ಮೇಡಂ, ನಾಯಿ ತಾನೆ’ ಅನ್ನುವವರು ಒಂದು ಕಡೆ.
‘ಅವನ ಕಾಲು ಮುರೀಬೇಕು’ ಅನ್ನುವವರು ಇನ್ನೊಂದು ಕಡೆ;
ಇವರಲ್ಲಿ ಕೆಲವರು ಭಾನುವಾರ ಕೋಳಿಯಂಗಡಿಯಲ್ಲಿ
ನನ್ನ ಹಿಂದೆಯೇ ಸಾಲಿನಲ್ಲಿರುತ್ತಾರೆ.
ನಾನೂ ಸಾಲಿನಲ್ಲಿರುತ್ತೇನೆ.
ಅವನ ತಾಯಿ ಚಿಕ್ಕತಾಯಮ್ಮ ಏನನ್ನೂ ಕೇಳಲಿಲ್ಲ,
ಶಾಲೆಯ ಗೇಟಿಗೆ ಬಂದು
ಮಡಿಲಿಂದ ನಾಲ್ಕು ಎಳೆ ಸೌತೆಕಾಯಿ ತೆಗೆದು ಕೊಟ್ಟು ಹೋದಳು.
ಅವು ಇನ್ನೂ ಮೇಜಿನ ಮೇಲಿವೆ, ಬಾಡುತ್ತ.

ಲಾರಿ ಓಡಿಸಲಿ, ಕಬ್ಬು ತೂಗಲಿ,
ಅದಕ್ಕೆ ನಡತೆ ಪತ್ರ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು,
ಅನ್ನ ಎಲ್ಲರದ್ದು.
ಇದು ಅನ್ನದ ಮಾತಲ್ಲವಲ್ಲ.
ದೀಪಗಳ ಕೆಳಗೆ ಹತ್ತು ಸಾವಿರ ಮಂದಿ ಅವನ ಹೆಸರು ಕೂಗುವ ಜಾಗ;
ಟಿ.ವಿ. ಮುಂದೆ ಕಾಲು ಮಡಚಿ ಕೂತು
ಆ ಹೆಸರನ್ನು ಕೂಗಲು ಕಲಿಯುವವರು
ನನ್ನ ಎಂಟನೇ ಕ್ಲಾಸಿನ ಮಕ್ಕಳು.

ಆದರೂ ನಮ್ಮ ಆಟ ಬೇರೆಯದನ್ನೇ ಹೇಳುತ್ತದೆ.
ಇಲ್ಲಿ ಔಟಾದವನು ಹೊರಗೇ ಉಳಿಯುವುದಿಲ್ಲ.
ತನ್ನವರು ಆಚೆಯ ಒಬ್ಬನನ್ನು ಹೊಡೆದರೆ ಸಾಕು,
‘ಬದುಕಿದ, ಬಾರೋ ಒಳಕ್ಕೆ!’
ಮೂವತ್ತು ವರ್ಷ ಹಾಗೆ ಕೂಗಿದ್ದೇನೆ ಗಂಟಲು ಹರಿಯುವಂತೆ.
ಬದುಕಿದವನಿಗಾಗಿ ಆಚೆ ಯಾರು ಸತ್ತರೆಂದು
ತಿರುಗಿ ನೋಡಿದ್ದು ಕಡಿಮೆ.
ಅಚ್ಚುವಿನ ಕಡೆಯಲ್ಲಿ ಇದ್ದದ್ದೇ ಒಬ್ಬ ಆಟಗಾರ್ತಿ.

‘ಉಸಿರು ಚೆನ್ನಾಗಿದೆ’ ಎಂದು ಬರೆದೆ. ಹೊಡೆದು ಹಾಕಿದೆ.
‘ನನ್ನ ವಿದ್ಯಾರ್ಥಿ’ ಎಂದು ಬರೆದೆ.
ಅದನ್ನು ಹೊಡೆದು ಹಾಕಲಾಗಲಿಲ್ಲ.

ಇವತ್ತು ಐದೂವರೆಗೇ ಮೈದಾನಕ್ಕೆ ಹೋದೆ.
ಮಂಜಿನಲ್ಲಿ ಯಾರೋ ಬಗ್ಗಿ ನಡೆಯುತ್ತಿದ್ದರು.
ಅವನೇ. ಯಾರೂ ಹೇಳದೆ ಬಂದು
ಸುಣ್ಣದ ಪುಡಿಯಲ್ಲಿ ಅಂಕಣ ಎಳೆಯುತ್ತಿದ್ದ.
ಸುತ್ತಿನ ಗೆರೆ ಮುಗಿಸಿ ನಡುಗೆರೆಗೆ ಬಂದ.
ಅರ್ಧ ಎಳೆದು ಕೈ ಎತ್ತಿದ.
ಮೂರಡಿ ಬಿಟ್ಟು, ಆಚೆಯಿಂದ ಮತ್ತೆ ಎಳೆದ.

ಏಕೆಂದು ನಾನು ಕೇಳಲಿಲ್ಲ.
ಪುಡಿ ಸಾಲದೆ ಇದ್ದಿರಬಹುದು.